ಕೇದಗೆಯ ನೆಂಟರು

ಈ ಕಥೆ ಹೇಳುವುದಕ್ಕೆ ನಾನು ತಕ್ಕವಳಲ್ಲ ಎಂಬುದು ನನಗೆ ಗೊತ್ತು. ಇದರಲ್ಲಿ ಬರುವ ಹೆಂಗಸರೆಲ್ಲ ಇನ್ನೂ ಬದುಕಿದ್ದಾರೆ, ಅವರಲ್ಲಿ ಇಬ್ಬರು ಈಗಲೂ ನನ್ನ ಹತ್ತಿರವೇ ರವಿಕೆ ಹೊಲಿಸುತ್ತಾರೆ. ನಾನು ಓದಿದ್ದು ಸಂಜೆ ಶಾಲೆಯಲ್ಲಿ, ಅದೂ ಮೂವತ್ತು ದಾಟಿದ ಮೇಲೆ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಅಂದಾಜು ನನಗೆ ಸಾಲದು. ಯೋಚಿಸದೆ ಆಡಿದ ಒಂದು ಮಾತಿನಿಂದ ಒಬ್ಬಳ ಸಂಸಾರ ಕೆಡಿಸಿದವಳು ಮತ್ತೆ ಬಾಯಿ ತೆರೆಯುವುದು ಸರಿಯೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆದರೂ ಹೇಳುತ್ತಿದ್ದೇನೆ. ತಿಳಿದವರು ಮನ್ನಿಸಬೇಕು.

ನಮ್ಮ ಊರಿನಲ್ಲಿ ಯಾರಾದರೂ ಹೆಸರು ಮಾಡಿದರೆ ಅವರ ರಕ್ತಸಂಬಂಧಿಗಳ ಮೈಯಿಂದ ಒಂದು ವಾಸನೆ ಬರುತ್ತದೆ. ಒಬ್ಬೊಬ್ಬರ ಹೆಸರಿಗೆ ಒಂದೊಂದು ವಾಸನೆ. ಪೈಲ್ವಾನ್ ಮರಿಸ್ವಾಮಿ ದೊಡ್ಡ ಕುಸ್ತಿ ಗೆದ್ದ ವರ್ಷ ಅವನ ಅಣ್ಣತಮ್ಮಂದಿರು, ಸೋದರತ್ತೆ, ಅವಳ ಮಕ್ಕಳು ಎಲ್ಲರೂ ಹಲಸಿನ ಹಣ್ಣು ಬಿಡಿಸಿಟ್ಟ ಹಾಗೆ ಘಮ್ಮೆನ್ನುತ್ತಿದ್ದರು. ನಾಲ್ಕು ವರ್ಷ ಆ ಬೀದಿಗೆ ನೊಣಗಳ ಕಾಟ. ರೇಡಿಯೋದಲ್ಲಿ ಹಾಡುತ್ತಿದ್ದ ಒಬ್ಬಾಕೆಯ ಕಡೆಯವರಿಗೆ ಕರ್ಪೂರದ ವಾಸನೆ. ಅವಳ ತಮ್ಮ ಬಸ್ಸು ಹತ್ತಿದರೆ ಮುದುಕಿಯರು ಅಭ್ಯಾಸಬಲದಿಂದ ಕೈ ಮುಗಿಯುತ್ತಿದ್ದರು. ಹೆಸರು ಮಾಸಿದ ಹಾಗೆ ವಾಸನೆಯೂ ತೆಳ್ಳಗಾಗುತ್ತದೆ, ಊರಿನ ಗಡಿ ದಾಟಿದರೆ ಇರುವುದೇ ಇಲ್ಲ. ಇನ್ನೊಂದು ವಿಷಯ: ವಾಸನೆ ಬಂದವರಿಗೆ ಅದು ತಿಳಿಯುವುದಿಲ್ಲ. ತಮ್ಮ ಮೈಯದೂ ತಿಳಿಯುವುದಿಲ್ಲ, ತಮ್ಮವರದೂ ತಿಳಿಯುವುದಿಲ್ಲ. ಹೊರಗಿನವರು ಹೇಳಬೇಕು. ನಾವು ಇದಕ್ಕೆಲ್ಲ ಒಗ್ಗಿಕೊಂಡಿದ್ದೇವೆ. ಹೆಣ್ಣು ನೋಡಲು ಬಂದವರು ಹೊಸ್ತಿಲಲ್ಲೇ ಒಮ್ಮೆ ಉಸಿರೆಳೆದುಕೊಂಡು ಒಳಗೆ ಬರುತ್ತಾರೆ. ನೆಗಡಿಯಾದವರನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ. ಅತ್ತರಿನ ಅಂಗಡಿ ಇಡುತ್ತೇನೆಂದು ಬಂದವನನ್ನು ಪುರಸಭೆಯವರು ಕಾಫಿ ಕೊಟ್ಟು ವಾಪಸು ಕಳಿಸಿದರು.

ಕೋಟೆ ಬೀದಿಯ ಲಾಯರ್ ಮನೆಯ ಕಿರಿಮಗಳು ವಿಶಾಲಾಕ್ಷಿ ಸಿನಿಮಾಕ್ಕೆ ಹೋಗಿ ವಿಶಾಖಾ ಆದಳು. ಮೊದಲ ಎರಡು ಚಿತ್ರಗಳಿಗೆ ಊರಿನಲ್ಲಿ ಯಾರ ಮೈಯಿಂದಲೂ ಏನೂ ಬರಲಿಲ್ಲ. ಮೂರನೆಯದು ಬಿಡುಗಡೆಯಾದ ವಾರ ಅವಳ ತಾಯಿ ಲಲಿತಮ್ಮನವರು ತರಕಾರಿಗೆ ಹೋದಾಗ ಬದನೆಕಾಯಿ ಮಾರುವವಳು ತಕ್ಕಡಿ ಕೆಳಗಿಟ್ಟು, ಎಲ್ಲಿಂದಮ್ಮಾ ಈ ಕೇದಗೆ ಎಂದು ಕೇಳಿದಳಂತೆ. ಆ ದಿನ ಲಲಿತಮ್ಮನವರು ಮಾರ್ಕೆಟ್ಟಿಗೆ ಮೂರು ಸುತ್ತು ಹಾಕಿದರು. ಲಾಯರು ತೀರಿಕೊಂಡು ಹತ್ತು ವರ್ಷವಾಗಿತ್ತು. ಮನೆಯಲ್ಲಿದ್ದವರು ಅವರು ಮತ್ತು ಹಿರಿಮಗಳು ವಸುಧಾ ಇಬ್ಬರೇ. ಇಬ್ಬರಿಗೂ ಅದೇ ಕೇದಗೆ. ಬಸ್ ನಿಲ್ದಾಣದ ಪೋಸ್ಟರಿನಲ್ಲಿ ಎರಡಾಳೆತ್ತರದ ವಿಶಾಖಾ ಭುಜದ ಮೇಲಿಂದ ತಿರುಗಿ ನೋಡುತ್ತ ನಿಂತಳು. ಊರಿನ ಹುಡುಗಿಯರೆಲ್ಲ ಅವಳ ಹಾಗೆ ನಡೆಯತೊಡಗಿದರು.

ಆ ನಿಲ್ದಾಣದ ಹಿಂದೆಯೇ ನನ್ನ ಹೊಲಿಗೆ ಅಂಗಡಿ. ನನ್ನ ಹೆಸರು ಅಂಬುಜ, ವಯಸ್ಸು ಆಗ ನಲವತ್ತು. ಅಂಗಡಿ ಅಪ್ಪ ಚೆನ್ನಪ್ಪನವರದು. ಅವರು ಕೋಟು ಹೊಲಿಯುತ್ತಿದ್ದರು. ನನಗೆ ಹದಿನಾರಾದಾಗ ಅವರು ಹೋದರು, ನಾನು ರವಿಕೆಗೆ ಇಳಿದೆ. ಮನೆಯಲ್ಲಿ ನಾನು ಮತ್ತು ಅಮ್ಮ, ತುಂಗಮ್ಮ. ಮದುವೆ ಆಗಲಿಲ್ಲ. ಅಂಗಡಿಯಲ್ಲಿ ಹುಕ್ಕು, ಕಾಜಾ, ಅಂಚು ಹೊಲಿಯುವುದಕ್ಕೆ ಜುಬೇದಾ ಇದ್ದಳು. ಹನ್ನೆರಡು ವರ್ಷದಿಂದ ಜೊತೆಗಿರುವವಳು. ನಾನು ಕತ್ತರಿ ಹಾಕುವ ಮುಂಚೆ ಮೂರು ಸಲ ಅಳೆಯುತ್ತೇನೆಂದು ಅವಳು ನಗುತ್ತಾಳೆ. ಆ ವರ್ಷ ಬಂದವರೆಲ್ಲ ಕೇಳಿದ್ದು ವಿಶಾಖಾ ತೋಳು: ಭುಜದಲ್ಲಿ ಉಬ್ಬಿ ಮೊಣಕೈಗೆ ಬಂದು ಬಿಗಿಯುವಂಥದು. ತೋಳಿಗಿಂತ ದಪ್ಪ ಭುಜ ಇದ್ದವರಿಗೂ ಅದೇ ಬೇಕು.

ಎಣ್ಣೆ ಗಾಣದ ನಾಗರತ್ನಮ್ಮನವರು ಸೊಸೆಗಾಗಿ ಅಂಥದೇ ರವಿಕೆ ಹೊಲಿಸಿದ್ದರು. ಸೊಸೆ ದಾಕ್ಷಾಯಣಿ, ಮದುವೆಯಾಗಿ ಎಂಟು ತಿಂಗಳು. ರವಿಕೆ ಕೊಂಡೊಯ್ದ ಮರುದಿನವೇ ನಾಗರತ್ನಮ್ಮ ಅದನ್ನು ಹಿಡಿದುಕೊಂಡು ಬಂದು ಮೇಜಿನ ಮೇಲೆ ಹಾಕಿದರು. ಇದು ಯಾಕೆ ಕೇದಗೆ ನಾರುತ್ತಿದೆ ಎಂದು ಕೇಳಿದರು. ನಶ್ಯ ಏರಿಸುವ ತಮ್ಮ ಮೂಗಿಗೇ ಹತ್ತಿತೆಂದರೆ ಬೇರೆಯವರಿಗೆ ಹೇಗಿರಬೇಕು ಎಂದರು. ನಾನು ರವಿಕೆಯನ್ನು ಮುಖಕ್ಕೆ ಹಿಡಿದು ನೋಡಿದೆ. ನನಗೆ ಏನೂ ಗೊತ್ತಾಗಲಿಲ್ಲ. ಬಟ್ಟೆಯ ದೂಳು, ಮೆಷಿನ್ನಿನ ಎಣ್ಣೆ, ಇವುಗಳ ನಡುವೆ ನನ್ನ ಮೂಗು ಮೊಂಡಾಗಿದೆ ಎಂದೇ ನಾನು ಅಂದುಕೊಂಡಿದ್ದೆ. ಲಲಿತಮ್ಮನವರ ಮನೆಯ ಬಟ್ಟೆಗೂ ನನಗೆ ಏನೂ ತಿಳಿದಿರಲಿಲ್ಲ. ಆದರೂ ಜನ ಹೇಳುತ್ತಾರಲ್ಲ ಎಂದು ಆ ಬಟ್ಟೆಗಳಿಗೆ ಬೇರೆ ಟ್ರಂಕು ಇಟ್ಟಿದ್ದೆ. ನನ್ನ ಕೆಲಸದ ಮೇಲೆ ಮಾತು ಬಂತಲ್ಲ ಎಂಬ ಗಾಬರಿಯಲ್ಲಿ ಅದನ್ನೆಲ್ಲ ವಿವರಿಸಿದೆ. ಒಬ್ಬರ ಬಟ್ಟೆ ಇನ್ನೊಬ್ಬರದಕ್ಕೆ ತಾಗಿಸುವುದಿಲ್ಲ, ಬೇಕಾದರೆ ನೋಡಿ ಎಂದು ಟ್ರಂಕು ತೆಗೆದು ತೋರಿಸಿದೆ. ಅಷ್ಟಕ್ಕೆ ನಿಲ್ಲಿಸಬಹುದಾಗಿತ್ತು.

"ನಮ್ಮಲ್ಲಿ ಹತ್ತಿದ್ದಲ್ಲ ನಾಗರತ್ನಮ್ನೋರೇ. ಅಳತೆಗೆ ಅಂತ ಸೊಸೆಯ ಹಳೇ ರವಿಕೆ ಕೊಟ್ಟಿದ್ರಲ್ಲ, ಅದರಿಂದ ಬಂದಿರ್ಬೇಕು" ಎಂದೆ.

ಹಳೇ ರವಿಕೆಯಲ್ಲಿ ವಾಸನೆ ಇದೆ ಎಂದರೆ ಅದನ್ನು ತೊಟ್ಟ ಮೈಯಲ್ಲಿದೆ ಎಂದ ಹಾಗೆ. ಮೈಯಲ್ಲಿದೆ ಎಂದರೆ ಅವಳು ಲಾಯರ್ ಮನೆಯ ರಕ್ತ. ಹಾಗಾದರೆ ಕುಂಬಾರ ಬೀದಿಯ ಅಂಚೆಯಣ್ಣನ ಮಗಳು ಅಂತ ಮದುವೆ ಮಾಡಿಕೊಟ್ಟಿದ್ದು ಏನು? ಇಷ್ಟನ್ನೂ ನಾಗರತ್ನಮ್ಮ ನನ್ನೆದುರಿಗೇ ಒಂದೊಂದಾಗಿ ಮುಖದಲ್ಲೇ ಕೂಡಿಸಿಕೊಂಡರು. ನಾನು ನೋಡುತ್ತ ನಿಂತಿದ್ದೆ.

ದಾಕ್ಷಾಯಣಿಯನ್ನು ತವರಿಗೆ ಕಳಿಸಿದರು. ಅವಳನ್ನು ಮೂಸಿ ನೋಡಿದ ನೆರೆಮನೆಯವಳು ಏನೂ ಇಲ್ಲವಲ್ಲ ಎಂದರೆ, ದಿನಕ್ಕೆ ಎರಡು ಸಲ ಸೋಪು ತಿಕ್ಕಿಕೊಂಡು ಸ್ನಾನ ಮಾಡುವವಳಲ್ಲಿ ಏನು ಉಳಿದಿರುತ್ತದೆ, ಅಷ್ಟು ತಿಕ್ಕುವುದೇ ಅದಕ್ಕೆ ಎಂದರಂತೆ ನಾಗರತ್ನಮ್ಮ. ಬೇರೆ ಯಾರೋ ಹೇಳಿದ್ದರೆ ತಾನು ನಂಬುತ್ತಿರಲಿಲ್ಲ, ಟೈಲರ್ ಅಂಬುಜ ಹೇಳಿದ್ದಾಳೆ, ಅವಳು ಅರ್ಧ ಇಂಚಿಗೂ ಸುಳ್ಳು ಹೇಳುವವಳಲ್ಲ ಎಂದೂ ಹೇಳಿದರಂತೆ. ದಾಕ್ಷಾಯಣಿಯ ತಾಯಿ ಬೀದಿ ನಲ್ಲಿಗೆ ಬರುವುದನ್ನು ಬಿಟ್ಟರು.

ಆಮೇಲೆ ಇನ್ನೂ ಇಬ್ಬರು ಬಂದು ಅದೇ ಮಾತು ಹೇಳಿದರು. ನನಗೆ ಎಲ್ಲರ ಮೇಲೂ ಅನುಮಾನ ಹುಟ್ಟಿತು. ಬಂದವರು ಕೂತು ಎದ್ದ ಸ್ಟೂಲನ್ನು ಒರೆಸಿದೆ. ಒಂದೊಂದು ಗಂಟನ್ನೂ ಒಂದೊಂದು ಮೊಳೆಗೆ ನೇತುಹಾಕಿದೆ. ಕಡೆಗೆ ಜುಬೇದಾಳ ಮೇಲೇ ಕಣ್ಣಿಟ್ಟೆ. ನಾನು ಒಳಗೆ ಹೋದಾಗಲೆಲ್ಲ ಅವಳು ಹೊಲಿದಿಟ್ಟ ರವಿಕೆಗಳ ನಡುವೆ ಏನೋ ತುರುಕುತ್ತಿದ್ದಳು. ಒಂದು ಮಧ್ಯಾಹ್ನ ಕೈ ಹಿಡಿದುಕೊಂಡೆ. ಅವಳ ಮುಷ್ಟಿಯಲ್ಲಿದ್ದದ್ದು ನುಸಿ ಗುಳಿಗೆ.

"ಇದೇನು ಮಾಡ್ತಿದ್ದೀಯೇ?"

"ಮುಚ್ತಿದ್ದೀನಿ ಅಕ್ಕಾ. ಒಂದೂವರೆ ತಿಂಗಳಿಂದ."

"ಏನನ್ನ?"

ಅವಳು ಮುಖ ತಗ್ಗಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬಟ್ಟೆಯಲ್ಲಿ ಏನೂ ಇರಲ್ಲ. ಬರುವಾಗ ಸರಿಯಾಗೇ ಇರ್ತದೆ. ನೀವು ಮುಟ್ಟಿದ ಮೇಲೆ ಬರ್ತದೆ. ಅಕ್ಕಾ, ಕೇದಗೆ ನೀವೇ."

ನಾನು ನಗುವುದಕ್ಕೆ ನೋಡಿದೆ. ಆಮೇಲೆ ಸ್ಟೂಲಿನ ಮೇಲೆ ಕೂತೆ. ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವಳು, ಇಂಥದನ್ನು ಯಾರಾದರೂ ಹೇಳುತ್ತಾರಾ, ನಿಮಗೆ ಗೊತ್ತಿದ್ದೂ ಸುಮ್ಮನಿದ್ದೀರಿ ಅಂದುಕೊಂಡಿದ್ದೆ ಎಂದಳು. ನುಸಿ ಗುಳಿಗೆಯನ್ನು ತನ್ನ ಮನೆಯಿಂದ ತರುತ್ತಿದ್ದಳಂತೆ.

ಆ ಹೊತ್ತಿನಲ್ಲಿ ಮೊದಲು ನೆನಪಾದದ್ದು ದಾಕ್ಷಾಯಣಿ. ಅದರ ಬೆನ್ನಿಗೇ ನೆನಪಾದದ್ದು ಅಮ್ಮ. ಲಾಯರ್ ಮನೆಯ ರಕ್ತ ನನ್ನಲ್ಲಿದ್ದರೆ ಅದು ಎಲ್ಲಿಂದ ಬಂತು? ಅಮ್ಮ ಮದುವೆಗೆ ಮುಂಚೆ ಆ ಮನೆಗೆ ಹಪ್ಪಳ ಸಂಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಮದುವೆಯಾದ ಮೇಲೂ ಒಂದೆರಡು ಬೇಸಿಗೆ ಹೋಗಿದ್ದಳು. ಲಾಯರ ಕರಿ ಕೋಟುಗಳನ್ನೆಲ್ಲ ಹೊಲಿದದ್ದು ಅಪ್ಪ. ಅಳತೆಗೆ ಆ ಮನೆಗೆ ಹೋದರೆ ಸಂಜೆ ಬರುತ್ತಿದ್ದರು. ವಿಶಾಖಾ ಹುಟ್ಟಿದಾಗ ನನಗೆ ಹದಿನಾಲ್ಕು. ನಾನೇ ಆ ಮನೆಯ ಕೂಸೋ, ವಿಶಾಖಾ ನಮ್ಮ ಮನೆಯ ಕೂಸೋ? ನಾಚಿಕೆಯಿಲ್ಲದೆ ಇಬ್ಬರು ಹೆತ್ತವರನ್ನೂ ಸರದಿಯ ಮೇಲೆ ಅನುಮಾನಿಸಿದೆ. ಜೊತೆಗೆ ಇನ್ನೊಂದು ಹೊಳೆಯಿತು. ವಿಶಾಖಾಳ ಚಿತ್ರ ಬಂದ ವಾರದಿಂದ ಅಮ್ಮ ಬೆಳಿಗ್ಗೆ ಸಂಜೆ ಸಾಂಬ್ರಾಣಿ ಹಾಕತೊಡಗಿದ್ದಳು. ಹೊಗೆಯ ಮೇಲೆ ತನ್ನ ಸೀರೆಯನ್ನೂ ಹಿಡಿಯುತ್ತಿದ್ದಳು, ನನ್ನದನ್ನೂ ಹಿಡಿಯುತ್ತಿದ್ದಳು. ಸೊಳ್ಳೆ ಎಂದಿದ್ದಳು. ಅಮ್ಮನಿಂದ ವಾಸನೆ ಬರುತ್ತದೆಯೇ ಎಂದು ಜುಬೇದಾಳನ್ನು ಕೇಳಿದೆ. ಅಮ್ಮನ ಹತ್ತಿರ ಹೋದರೆ ಹೊಗೆ ಬಿಟ್ಟು ಏನೂ ಗೊತ್ತಾಗುವುದಿಲ್ಲ ಎಂದಳು.

ನಾಗರತ್ನಮ್ಮನವರ ಮನೆಗೆ ಎರಡು ಸಲ ಹೋದೆ. ನಾನು ಹೇಳಿದ್ದು ತಪ್ಪು, ಅಳತೆ ರವಿಕೆಯಿಂದ ಬಂದದ್ದಲ್ಲ ಎಂದೆ. ಹಾಗಾದರೆ ಎಲ್ಲಿಂದ ಬಂತು ಎಂದು ಅವರು ಕೇಳಿದರು. ನಾನು ಎರಡು ಸಲವೂ ತಲೆ ತಗ್ಗಿಸಿಕೊಂಡು ಎದ್ದು ಬಂದೆ. ನನ್ನಿಂದ ಎಂದರೆ ಸೊಸೆ ಉಳಿಯುತ್ತಾಳೆ, ಅಮ್ಮ ಬೀದಿಗೆ ಬೀಳುತ್ತಾಳೆ. ಅರವತ್ತು ದಾಟಿದ ಹೆಂಗಸಿನ ಹರೆಯದ ದಿನಗಳನ್ನು ಊರು ಕೂತು ಲೆಕ್ಕ ಹಾಕುತ್ತದೆ.

ಹೀಗಿರುವಾಗ ಪುರಸಭೆಯವರು ವಿಶಾಖಾಳಿಗೆ ಸನ್ಮಾನ ಗೊತ್ತು ಮಾಡಿದರು. ನಮ್ಮಲ್ಲಿ ಸನ್ಮಾನಕ್ಕೆ ಒಂದು ಪದ್ಧತಿ ಇದೆ. ಸಭಾಭವನದ ಬಾಗಿಲಲ್ಲಿ ಮೂವರು ಮುದುಕಿಯರು ಕೂರುತ್ತಾರೆ. ಎಂದೂ ಯಾರೂ ಹೆಸರು ಮಾಡದ ಮನೆಗಳವರೇ ಆಗಬೇಕು, ಮೂಗು ಶುದ್ಧವಾಗಿರಬೇಕು. ಬಂದವರೆಲ್ಲ ಅವರೆದುರು ತಲೆ ಬಗ್ಗಿಸಬೇಕು. ವಾಸನೆ ಇದ್ದವರನ್ನು ಬಲಕ್ಕೆ ಕಳಿಸುತ್ತಾರೆ, ಮುಂದಿನ ಸಾಲಿಗೆ. ಇಲ್ಲದವರು ಎಡಕ್ಕೆ. ಒಮ್ಮೆ ಆ ಮೂವರು ಹೇಳಿದರೆ ಆಯಿತು, ಮತ್ತೆ ಅದರ ಮೇಲೆ ಮಾತಿಲ್ಲ. ದಾಕ್ಷಾಯಣಿಯನ್ನೂ ಅಲ್ಲಿಗೆ ಕರೆಸಿ ಎಲ್ಲರೆದುರು ಬಗ್ಗಿಸುತ್ತೇನೆಂದು ನಾಗರತ್ನಮ್ಮ ಹೇಳಿಕೊಂಡು ತಿರುಗಿದರು. ಹುಡುಗಿ ಬರುವುದಿಲ್ಲ ಎಂದಳಂತೆ. ಕಳ್ಳಿಯನ್ನು ತಪಾಸಣೆ ಮಾಡುವ ಹಾಗೆ ನನ್ನನ್ನು ಮೂಸುವುದು ಬೇಡ, ಬೇಕಾದರೆ ಇಲ್ಲೇ ಇದ್ದುಬಿಡುತ್ತೇನೆ ಎಂದಳಂತೆ. ಬರದಿದ್ದರೆ ಒಪ್ಪಿಕೊಂಡ ಹಾಗೇ ಎಂದು ಊರು ತೀರ್ಮಾನಿಸಿತು.

ಸನ್ಮಾನದ ಹಿಂದಿನ ದಿನ ಲಲಿತಮ್ಮನವರಿಂದ ಕರೆ ಬಂತು. ನಗರದಿಂದ ತಂದ ರವಿಕೆ ಮಗಳಿಗೆ ಕಂಕುಳಲ್ಲಿ ಬಿಗಿಯಾಗಿದೆ, ಬಿಚ್ಚಿ ಸಡಿಲ ಮಾಡಬೇಕು ಎಂದು. ಹೋಗಬಾರದಾಗಿತ್ತು. ಅವಳನ್ನು ಹತ್ತಿರದಿಂದ ನೋಡುವ ಆಸೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ನಡುಮನೆಯ ದಿವಾನದ ಮೇಲೆ ಸೀರೆಗಳು ಹರಡಿದ್ದವು. ಜರಿಯ ಮೇಲೆ ಬಿಸಿಲು ಬಿದ್ದು ಗೋಡೆಯೆಲ್ಲ ಬಂಗಾರದ ಚುಕ್ಕೆ. ವಿಶಾಖಾ ಪೋಸ್ಟರಿನಲ್ಲಿದ್ದುದಕ್ಕಿಂತ ಕುಳ್ಳಿ, ಅದಕ್ಕಿಂತ ಚೆಂದ. ತಲೆಗೆ ಎಣ್ಣೆ ಹಾಕಿಕೊಂಡು ಕೂತು ಚಕ್ಕುಲಿ ತಿನ್ನುತ್ತಿದ್ದಳು. ನನ್ನನ್ನು ಅಕ್ಕಾ ಎಂದಳು. ಊರಿನಲ್ಲಿ ಯಾರು ಯಾರನ್ನು ಬೇಕಾದರೂ ಅಕ್ಕಾ ಎನ್ನುತ್ತಾರೆ, ಆದರೂ ನಾನು ಅಳೆದದ್ದನ್ನು ಮರೆತು ಮತ್ತೆ ಟೇಪು ಹಿಡಿದೆ. ಅವಳ ಎಡ ಭುಜ ಬಲಕ್ಕಿಂತ ಸ್ವಲ್ಪ ಇಳಿಜಾರು. ನನ್ನದೂ ಹಾಗೇ. ಹೊಲಿಗೆಯವಳಾಗಿ ಹೇಳುತ್ತೇನೆ, ನೂರಕ್ಕೆ ಅರವತ್ತು ಜನರದು ಹಾಗೇ ಇರುತ್ತದೆ. ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಅವಳ ಜೊತೆ ಬಂದಿದ್ದ ಮೇಕಪ್ ಹೆಂಗಸು ಹೊರಗಿನವಳು. ನಮ್ಮ ಊರಿನ ರೀತಿ ಗೊತ್ತಿಲ್ಲ. ಸುಮ್ಮನೆ ಪಿನ್ನು ಚುಚ್ಚುತ್ತಿದ್ದವಳು ತಲೆ ಎತ್ತಿ, ಈ ಮನೆಯವರೆಲ್ಲ ಒಂದೇ ಸೆಂಟು ಹಾಕಿಕೊಳ್ಳುತ್ತೀರಾ, ಟೈಲರ್ ಮೇಡಂಗೂ ಕೊಟ್ಟಿದ್ದೀರಾ ಎಂದು ನಕ್ಕಳು.

ವಸುಧಾ ಅಡುಗೆಮನೆಗೆ ಹೋದಳು. ವಿಶಾಖಾ ಚಕ್ಕುಲಿಯನ್ನು ಕೈಯಲ್ಲೇ ಹಿಡಿದುಕೊಂಡು ತಾಯಿಯ ಕಡೆ ನೋಡಿದಳು. ಲಲಿತಮ್ಮನವರು ನನ್ನನ್ನು ನೋಡಲಿಲ್ಲ. ಸೀರೆಯ ಮಡಿಕೆ ಸರಿ ಮಾಡುತ್ತ, ಬಹಳ ನಿಧಾನವಾಗಿ, ತುಂಗ ಹೇಗಿದ್ದಾಳೆ ಎಂದು ಕೇಳಿದರು. ಇಪ್ಪತ್ತು ವರ್ಷದಿಂದ ಅವರ ರವಿಕೆ ಹೊಲಿಯುತ್ತಿದ್ದೇನೆ, ಅಮ್ಮನ ಹೆಸರು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಚೆನ್ನಾಗಿದ್ದಾಳೆ ಎಂದೆ. ಬಾಗಿಲವರೆಗೆ ನನ್ನ ಹಿಂದೆಯೇ ಬಂದು, ದನಿ ತಗ್ಗಿಸಿ ಹೇಳಿದರು:

"ನಾಳೆ ನೀನು ಬರ್ಬೇಡ ಅಂಬುಜ. ಬಂದ್ರೆ ಯಾರಿಗೂ ಒಳ್ಳೇದಾಗಲ್ಲ. ನಿಮ್ಮಮ್ಮನಿಗಂತೂ ಆಗಲ್ಲ."

ಮನೆಗೆ ಬಂದಾಗ ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಎದುರಿಗೆ ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ. ಅದು ಮುಗಿಯಿತು, ಇನ್ನೊಂದು ಹಿಡಿ ತೆಗೆದುಕೊಂಡೆ. ಕಡೆಗೆ ಎಲ್ಲವನ್ನೂ ಹೇಳಿದೆ: ಜುಬೇದಾ ಹೇಳಿದ್ದು, ದಾಕ್ಷಾಯಣಿಗೆ ಆದದ್ದು, ಲಲಿತಮ್ಮನವರ ಮಾತು. ಸಾಂಬ್ರಾಣಿ ಸೊಳ್ಳೆಗಲ್ಲ ಎಂಬುದು ನನಗೆ ಗೊತ್ತಾಗಿದೆ ಎಂದೆ. ಅಮ್ಮನ ಕೈ ನಿಲ್ಲಲಿಲ್ಲ.

"ಯಾವತ್ತಿಂದ ಗೊತ್ತು ನಿನಗೆ?" ಎಂದಳು.

"ಜುಬೇದಾ ಹೇಳಿದಾಗಿಂದ. ನೀನೇ ಹೇಳ್ಬಹುದಾಗಿತ್ತು."

"ಹೇಳಿ?"

"ನಾನು ಯಾರು ಅಂತಾದ್ರೂ ಗೊತ್ತಾಗ್ತಿತ್ತು."

ಅಮ್ಮ ಆಗ ಮುಖ ಎತ್ತಿದಳು. ಸಿಟ್ಟು ಇರಲಿಲ್ಲ. "ನಿನ್ನ ಹೆತ್ತಿದ್ದು ನಾನು. ಹೆರಿಗೆಗೆ ಎರಡು ದಿನ ಒದ್ದಾಡಿದ್ದೀನಿ. ಅದರಲ್ಲಿ ಅನುಮಾನ ಇದ್ರೆ ಕೇಳು, ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಉಳಿದಿದ್ದು ನನ್ನದು. ಅದನ್ನ ಯಾರಿಗೂ ಕೊಡಲ್ಲ, ನಿನಗೂ ಕೊಡಲ್ಲ."

ಆ ಹುಡುಗಿಯ ಗತಿ ಏನು ಎಂದೆ. ಅಮ್ಮ ಸಿಪ್ಪೆಯನ್ನು ಮೊರಕ್ಕೆ ಒಟ್ಟಿ ಎದ್ದು ಹೋದಳು. ನಾಳೆ ಹೋಗುತ್ತೀಯಾ ಎಂದು ಕೇಳಲಿಲ್ಲ, ಹೋಗಬೇಡ ಎಂದೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಮೂರಕ್ಕೆ ನಾನು ಹೊರಟೆ. ಮೂರು ಸೀರೆ ಉಟ್ಟು ಬಿಚ್ಚಿದೆ. ಸನ್ಮಾನಕ್ಕೆಂದು ಹೊಸ ಸೀರೆ ಉಟ್ಟರೆ ಮುಂದಿನ ಸಾಲಿನ ಆಸೆಗೆ ಬಂದಳು ಎನ್ನುತ್ತಾರೆ, ಹಳೆಯದು ಉಟ್ಟರೆ ಅಳುಕು ಎನ್ನುತ್ತಾರೆ. ಕಡೆಗೆ ಅಂಗಡಿಗೆ ಉಡುವ ಸೀರೆಯಲ್ಲೇ ಹೋದೆ. ಅಮ್ಮ ಮಲಗಿದ್ದಳು, ಅಥವಾ ಮಲಗಿದ ಹಾಗಿದ್ದಳು. ದಾರಿಯುದ್ದಕ್ಕೂ ವಾಪಸು ಬರುವುದಕ್ಕೆ ಕಾರಣ ಹುಡುಕಿದೆ. ಹೋಗುವುದು ಪಾಪವೋ, ಹೋಗದಿರುವುದು ಪಾಪವೋ ಈಗಲೂ ನನಗೆ ಖಚಿತವಿಲ್ಲ. ಅನುಮಾನಕ್ಕೆ ಸಿಕ್ಕವಳು ಇಪ್ಪತ್ತೆರಡರ ಹುಡುಗಿ, ಸಿಕ್ಕಿಸಿದವಳು ನಾನು ಎಂಬುದೊಂದೇ ಗೊತ್ತಿತ್ತು.

ಬಾಗಿಲಲ್ಲಿ ಮೂವರು ಅಜ್ಜಿಯರು ಬಿಳಿ ಹಾಸಿನ ಮೇಲೆ ಕೂತಿದ್ದರು. ಒಳಗೆ ಸಭೆ ತುಂಬಿತ್ತು, ಎಲ್ಲರ ಕುತ್ತಿಗೆಯೂ ಬಾಗಿಲ ಕಡೆಗೆ. ಸನ್ಮಾನ ನೋಡುವುದಕ್ಕಿಂತ ಯಾರು ಬಲಕ್ಕೆ ಹೋಗುತ್ತಾರೆ ಎಂದು ನೋಡುವುದಕ್ಕೇ ಜನ ಬರುವುದು. ನಾನು ತಲೆ ಬಗ್ಗಿಸಿದೆ. ಮೊದಲನೆಯವಳು ಮೂಸಿ ಎರಡನೆಯವಳ ಮುಖ ನೋಡಿದಳು. ಅವಳು ಮೂಸಿ ಮೂರನೆಯವಳನ್ನು ನೋಡಿದಳು. ಮೂರನೆಯವಳು ನನ್ನ ಕೈಯಲ್ಲೇ ಮೂರು ರವಿಕೆ ಹೊಲಿಸಿದವಳು. ಅವಳು ಎರಡು ಸಲ ಮೂಸಿದಳು. ಆಮೇಲೆ, ಪಾಪ, ದನಿ ತಗ್ಗಿಸಿಯೇ, ಬಲಕ್ಕೆ ಎಂದಳು.

ಸಭೆಯಲ್ಲಿ ಗುಜುಗುಜು ಎದ್ದಿತು. ಎಡಗಡೆ ನಾಲ್ಕನೆ ಸಾಲಿನಲ್ಲಿ ನಾಗರತ್ನಮ್ಮ ಇದ್ದರು. ನಾನು ಮುಂದಿನ ಸಾಲಿಗೆ ಹೋಗುವ ಬದಲು ಅವರೆದುರು ಹೋಗಿ ನಿಂತೆ. ಮನೆಯಿಂದ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು.

"ರವಿಕೆಗೆ ಹತ್ತಿದ್ದು ನನ್ನ ಕೈಯ ವಾಸನೆ. ದಾಕ್ಷಾಯಣಿದಲ್ಲ. ಅವತ್ತು ನನಗೆ ಗೊತ್ತಿರ್ಲಿಲ್ಲ, ಆಮೇಲೆ ಗೊತ್ತಾದ್ರೂ ಬಾಯಿ ಬರ್ಲಿಲ್ಲ. ಹುಡುಗೀನ ಕರ್ಕೊಂಡು ಬನ್ನಿ" ಎಂದೆ.

ನಾಗರತ್ನಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಹಾಗಾದ್ರೆ ನೀನು ಯಾರ ಮಗಳೇ?" ಎಂದರು. ಎಲ್ಲರಿಗೂ ಕೇಳುವ ಹಾಗೆಯೇ ಕೇಳಿದರು.

"ನನ್ ಮಗಳು."

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಬಿಸಿಲಲ್ಲಿ ನಡೆದು ಬಂದು ಏದುಸಿರು ಬಿಡುತ್ತಿದ್ದಳು. ಮೂವರು ಅಜ್ಜಿಯರೂ ಮುಂದಕ್ಕೆ ಬಾಗಿದರು. ದೊಡ್ಡವಳು ಕೈ ಅಡ್ಡ ಹಿಡಿದು, ತುಂಗಮ್ಮ, ಪದ್ಧತಿ ಪದ್ಧತಿಯೇ, ಬಗ್ಗು ಎಂದಳು. ಅಮ್ಮ ಬಗ್ಗಲಿಲ್ಲ.

"ನನ್ ಮಗಳ ಪಕ್ಕ ಕೂರೋದಕ್ಕೆ ನಿಮ್ಮ ಮೂಗು ಯಾಕೆ ಬೇಕು?" ಎಂದಳು. ಅಡ್ಡ ಹಿಡಿದ ಕೈಯನ್ನು ಹಸುವಿನ ಬಾಲ ಸರಿಸಿದ ಹಾಗೆ ಮೆಲ್ಲಗೆ ಸರಿಸಿ ಒಳಗೆ ಬಂದಳು. ಅಷ್ಟು ವರ್ಷಗಳಲ್ಲಿ ಮೂಸಿಸಿಕೊಳ್ಳದೆ ಆ ಬಾಗಿಲು ದಾಟಿದವರು ಬೇರೆ ಯಾರೂ ಇಲ್ಲ ಎಂದು ಆಮೇಲೆ ಜನ ಹೇಳಿದರು. ಅಮ್ಮ ನನ್ನ ಮೊಣಕೈ ಹಿಡಿದು ಮುಂದಿನ ಸಾಲಿಗೆ ನಡೆಸಿಕೊಂಡು ಹೋದಳು. ಅಲ್ಲಿ ಲಲಿತಮ್ಮ, ವಸುಧಾ, ಅವರ ಪಕ್ಕ ಎರಡು ಖಾಲಿ ಕುರ್ಚಿ. ಒಂದರ ಮೇಲೆ ಲಲಿತಮ್ಮನವರ ಕೈಚೀಲ. ಅಮ್ಮ ಅದರೆದುರು ನಿಂತಳು. ಲಲಿತಮ್ಮನವರು ಅಮ್ಮನ ಮುಖ ನೋಡದೆ ಕೈಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ನಾವಿಬ್ಬರೂ ಕೂತೆವು.

ಭಾಷಣಗಳೆಲ್ಲ ಆದವು, ಒಂದೂ ನನ್ನ ಕಿವಿಗೆ ಹೋಗಲಿಲ್ಲ. ವೇದಿಕೆಯ ಮೇಲೆ ವಿಶಾಖಾ ಹೊಳೆಯುತ್ತಿದ್ದಳು, ರವಿಕೆಯ ಕಂಕುಳು ಸರಿಯಾಗಿ ಕೂತಿತ್ತು. ಮುಗಿದ ಮೇಲೆ ಅವಳು ಕೆಳಗಿಳಿದು ಬಂದು ತಾಯಿಯ ಕಾಲು ಮುಟ್ಟಿದಳು. ಒಂದು ಗಳಿಗೆ ಅನುಮಾನಿಸಿ ಅಮ್ಮನ ಕಾಲನ್ನೂ ಮುಟ್ಟಿದಳು. ಅಮ್ಮ ಅವಳ ತಲೆಯ ಮೇಲೆ ಕೈ ಇಟ್ಟು ತೆಗೆದಳು. ಲಲಿತಮ್ಮನವರು ಮಗಳ ರಟ್ಟೆ ಹಿಡಿದು ಕಾರಿನ ಕಡೆಗೆ ಕರೆದೊಯ್ದರು. ಆ ನಮಸ್ಕಾರ ಹಿರಿಯರಿಗೆ ಮಾಡುವಂಥದೋ, ಬೇರೆಯದೋ ಎಂದು ಊರು ಆರು ತಿಂಗಳು ಚರ್ಚೆ ಮಾಡಿತು.

ದಾಕ್ಷಾಯಣಿಯನ್ನು ನಾಲ್ಕನೇ ದಿನ ಗಂಡನೇ ಹೋಗಿ ಕರೆತಂದ. ಬರುವ ಮುಂಚೆ ಅವಳು ಅವನನ್ನು ತವರಿನ ಜಗಲಿಯ ಮೇಲೆ ಎರಡು ಗಂಟೆ ಕೂರಿಸಿದಳಂತೆ, ಅಷ್ಟಾದರೂ ಮಾಡಿದಳಲ್ಲ ಎಂದು ಜುಬೇದಾಳಿಗೆ ಸಂತೋಷ. ನಾಗರತ್ನಮ್ಮ ನನ್ನನ್ನು ಕ್ಷಮೆ ಕೇಳಲಿಲ್ಲ, ನಾನು ಅವರನ್ನು ಕೇಳಿದೆ. ಅವರು ಈಗಲೂ ಬರುತ್ತಾರೆ. ಬಟ್ಟೆ ಕೊಡುವಾಗ ನನ್ನನ್ನು ದೂರದಿಂದಲೇ ಮೂಸುತ್ತಾರೆ. ಕೆಲವರು ಬರುವುದನ್ನು ಬಿಟ್ಟರು. ಇನ್ನು ಕೆಲವರು ಕೇದಗೆ ಹತ್ತಲಿ ಎಂದೇ ಹೊಲಿಸುತ್ತಾರೆ, ಎರಡು ದಿನ ಹೆಚ್ಚು ಅಂಗಡಿಯಲ್ಲೇ ಇರಲಿ ಎನ್ನುತ್ತಾರೆ. ಅಮ್ಮನನ್ನು ಎದುರಿಗೆ ಯಾರೂ ಏನೂ ಕೇಳಲಿಲ್ಲ. ಬೆನ್ನ ಹಿಂದೆ ಕೇಳದವರಿಲ್ಲ.

ವಿಶಾಖಾಳ ಚಿತ್ರಗಳು ಈಗ ಮೊದಲಿನ ಹಾಗೆ ಓಡುತ್ತಿಲ್ಲ. ನನ್ನ ವಾಸನೆ ತೆಳ್ಳಗಾಗುತ್ತಿದೆ ಎಂದು ಜುಬೇದಾ ಹೇಳುತ್ತಾಳೆ, ಇನ್ನೊಂದು ವರ್ಷದಲ್ಲಿ ಏನೂ ಉಳಿಯುವುದಿಲ್ಲವಂತೆ. ಅಮ್ಮ ತಲೆಗೆ ನೀರು ಹಾಕಿಕೊಂಡು ಕೂತಿರುವಾಗ ಒಮ್ಮೆ ಹತ್ತಿರ ಹೋಗಿ ನೋಡಿ ಹೇಳಲೇ ಎಂದು ಅವಳು ಕೇಳಿದಳು. ಅಮ್ಮನಿಂದಲೂ ಕೇದಗೆ ಬಂದರೆ ಆ ಮನೆಯ ರಕ್ತ ಅಮ್ಮನಲ್ಲೇ ಇದೆ ಎಂದಾಯಿತು, ಬರದಿದ್ದರೆ ವಿಶಾಖಾ ಅಪ್ಪನ ಮಗಳೋ, ನಾನು ಲಾಯರ ಮಗಳೋ ಅನ್ನುವುದಷ್ಟೇ ಉಳಿಯುತ್ತದೆ. ಬೇಡ ಎಂದೆ. ಒಳ್ಳೆಯತನದಿಂದ ಬೇಡ ಎಂದೆನೋ, ಹೆದರಿಕೆಯಿಂದಲೋ, ಅದೂ ಸರಿಯಾಗಿ ಹೇಳಲಾರೆ. ವಿಶಾಖಾ ನನಗೆ ಏನಾಗಬೇಕು, ಲಲಿತಮ್ಮನವರು ಯಾಕೆ ಜಾಗ ಬಿಟ್ಟರು, ಆ ಮೂವರು ಅಜ್ಜಿಯರು ಅಮ್ಮನನ್ನು ಮೂಸಿದ್ದರೆ ಬಲಕ್ಕೆ ಎನ್ನುತ್ತಿದ್ದರೋ ಎಡಕ್ಕೆ ಎನ್ನುತ್ತಿದ್ದರೋ, ನನಗೆ ಗೊತ್ತಿಲ್ಲ.